ಸ್ಟ್ಯಾಂಡ್ ಹಾಕುವ ಸದ್ದಿಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಅಪ್ಪನನ್ನು ಕ್ಷಮಿಸದೆ ಇದರಿಂದ ಹೊರಗೆ ಬರಬಹುದಾ?

ನಾಲೆ ಏರಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 36 ವರ್ಷ. ಊರು ಪಾಂಡವಪುರದ ಹತ್ತಿರ, ವಿಶ್ವೇಶ್ವರಯ್ಯ ನಾಲೆ ಬಯಲು. ಈಗ ಮೈಸೂರಲ್ಲಿದ್ದೇನೆ, ಹೆಬ್ಬಾಳದ ಕಡೆ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಹೆಂಡತಿ ಇದ್ದಾಳೆ, ಏಳು ವರ್ಷದ ಮಗಳಿದ್ದಾಳೆ. ಹೊರಗಿನಿಂದ ನೋಡಿದವರಿಗೆ ನನಗೇನೂ ಕಡಿಮೆ ಇಲ್ಲ.

ಅಪ್ಪ ಕುಡಿಯುತ್ತಿದ್ದರು. ಕಬ್ಬು ಅರೆಯುವ ಕಾಲದಲ್ಲಿ ಜಾಸ್ತಿ, ಕೈಯಲ್ಲಿ ದುಡ್ಡು ಓಡಾಡುತ್ತಿತ್ತಲ್ಲ. ರಾತ್ರಿ ಹತ್ತರ ಹೊತ್ತಿಗೆ ಅವರ ಮೊಪೆಡ್ ಬರುತ್ತಿತ್ತು. ನಾನು, ತಂಗಿ ಇಬ್ಬರೂ ಚಾಪೆ ಮೇಲೆ ಕಣ್ಣು ಮುಚ್ಚಿಕೊಂಡು ಸ್ಟ್ಯಾಂಡ್ ಹಾಕುವ ಸದ್ದಿಗೆ ಕಾಯುತ್ತಿದ್ದೆವು. ಒಂದೇ ಸಲಕ್ಕೆ ಟಕ್ ಅಂದರೆ ಪರವಾಗಿಲ್ಲ, ಕಡಿಮೆ ಕುಡಿದಿದ್ದಾರೆ ಅಂತ. ಸ್ಟ್ಯಾಂಡ್ ಜಾರಿ, ಕಾಲಲ್ಲಿ ಒದ್ದು, ಮತ್ತೆ ಜಾರಿ, ಎರಡು ಮೂರು ಸಲ ಸದ್ದು ಬಂತು ಅಂದರೆ ತಂಗಿ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ಆಮೇಲೆ ಅವ್ವನಿಗೆ. ಅವ್ವನಿಗೆ ಆದ ಮೇಲೆ ನನಗೆ. ಕಬ್ಬಿನ ಜಲ್ಲೆ, ಬೆಲ್ಟು, ಒಂದು ಸಲ ಸೌದೆ. ಆ ಏಟುಗಳು ಎಷ್ಟೋ ಮರೆತೇ ಹೋಗಿವೆ. ಆ ಸದ್ದಿಗೆ ಕಾಯುತ್ತಿದ್ದೆವಲ್ಲ, ಅದೊಂದು ಮಾತ್ರ ಮರೆಯುವುದಕ್ಕೆ ಆಗಿಲ್ಲ.

ಈಗ ಏನಾಗುತ್ತಿದೆ ಅಂದರೆ, ಫ್ಯಾಕ್ಟರಿಯಲ್ಲಿ ಯಾರಾದರೂ ಹಿಂದಿನಿಂದ ಬಂದು ಮೇಜಿನ ಮೇಲೆ ಫೈಲ್ ಎತ್ತಿ ಹಾಕಿದರೂ ನಾನು ಬೆಚ್ಚಿಬೀಳುತ್ತೇನೆ. ರಾತ್ರಿ ಹತ್ತು ಗಂಟೆ ದಾಟುವ ತನಕ ನಿದ್ದೆ ಹತ್ತುವುದಿಲ್ಲ, ಎಷ್ಟೇ ಸುಸ್ತಾಗಿರಲಿ. ಯಾರಾದರೂ ಸ್ವಲ್ಪ ದನಿ ಏರಿಸಿದರೆ, ತಪ್ಪು ಅವರದೇ ಆದರೂ, ಮೊದಲು ಸಾರಿ ಕೇಳುವವನು ನಾನು. ಆಮೇಲೆ ಆ ಸಿಟ್ಟನ್ನೆಲ್ಲ ಮನೆಗೆ ತರುತ್ತೇನೆ. ಈ ವಯಸ್ಸಿಗೇ ಬಿಪಿ ಮಾತ್ರೆ ಶುರುವಾಗಿದೆ.

ಹೋದ ತಿಂಗಳು ಒಂದು ದಿನ ಬೇಗ ಬಂದೆ. ಒಳಗೆ ಟಿವಿ ಜೋರಾಗಿತ್ತು, ಮಗಳು ನಗುತ್ತಿದ್ದದ್ದು ಗೇಟಿನ ತನಕ ಕೇಳುತ್ತಿತ್ತು. ನಾನು ಬೈಕಿಗೆ ಸ್ಟ್ಯಾಂಡ್ ಹಾಕಿದೆ. ಟಿವಿ ಆಫ್ ಆಯಿತು. ನಗುವೂ ನಿಂತಿತು.

ಅವಳಿಗೆ ನಾನು ಒಂದು ದಿನವೂ ಹೊಡೆದವನಲ್ಲ. ಆದರೆ ಕೂಗಾಡುತ್ತೇನೆ, ಇಲ್ಲದಿದ್ದರೆ ಗಂಟೆಗಟ್ಟಲೆ ಮಾತೇ ಆಡದೆ ಕೂತಿರುತ್ತೇನೆ. ಆವತ್ತು ಹೆಲ್ಮೆಟ್ ಬಿಚ್ಚುವುದಕ್ಕೂ ಆಗದೆ ಗೇಟಿನ ಹತ್ತಿರ ಎಷ್ಟೋ ಹೊತ್ತು ನಿಂತಿದ್ದೆ.

ಇನ್ನೊಂದು ವಿಷಯ. ಅಪ್ಪನಿಗೆ ಹೋದ ವರ್ಷ ಲಕ್ವ ಹೊಡೆಯಿತು. ಬಲಗೈ ಎತ್ತುವುದಕ್ಕೆ ಆಗುವುದಿಲ್ಲ. ಅವ್ವನಿಗೂ ಸೊಂಟ ನೋವು, ಒಬ್ಬರೇ ನೋಡಿಕೊಳ್ಳುವುದು ಕಷ್ಟ. ಮೈಸೂರಿಗೆ ಕರೆದುಕೊಂಡು ಹೋಗು ಅಂತ ನೆಂಟರೆಲ್ಲ ಹೇಳುತ್ತಿದ್ದಾರೆ. ಹಬ್ಬಕ್ಕೆ ಊರಿಗೆ ಹೋದಾಗ ನಾನೇ ಕೂತು ಗಂಜಿ ಕುಡಿಸಿದೆ. ಅದೇ ಕೈ ಮಂಚದ ಮೇಲೆ ಸುಮ್ನೆ ಬಿದ್ದಿತ್ತು. ನೋಡಿ ಕನಿಕರ ಬಂತು. ಅದರ ಹಿಂದೆಯೇ ಕೋಪ. ಅದರ ಹಿಂದೆ ನಾನೆಂಥ ಮಗ ಅಂತ ನನ್ನ ಮೇಲೇ ಅಸಹ್ಯ. ಒಂದು ಲೋಟ ಗಂಜಿ ಮುಗಿಯುವಷ್ಟರಲ್ಲಿ ಮೂರೂ ಆಗಿಹೋದವು.

ಎಲ್ಲರೂ ಹೇಳುವುದು ಒಂದೇ ಮಾತು: ಆಗಿದ್ದು ಆಯಿತು, ಅಪ್ಪ ಅಲ್ವಾ, ಕ್ಷಮಿಸಿಬಿಡು, ಎಲ್ಲ ಸರಿಹೋಗುತ್ತದೆ. ಪ್ರಯತ್ನ ಮಾಡಿದ್ದೇನೆ, ಆಗುತ್ತಿಲ್ಲ. ಕ್ಷಮಿಸದಿದ್ದರೆ ನಾನು ಹೀಗೇ ಇರಬೇಕಾ? ಇದನ್ನು ದಾಟಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬೆಟ್ಟದ ಪಾದ

ಸರ್, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಹಳೆಯದನ್ನು ಕೆದಕುತ್ತಾ ಕೂತರೆ ಹುಣ್ಣು ಆರುವುದಿಲ್ಲ. ನಾನು ದಿನಾ ಬೆಳಗ್ಗೆ ಐದೂವರೆಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತೇನೆ, ಬಂದು ಅರ್ಧ ಗಂಟೆ ಪ್ರಾಣಾಯಾಮ ಮಾಡುತ್ತೇನೆ. ನನ್ನ ಕೋಪ ಎಷ್ಟೋ ಇಳಿದಿದೆ. ನೀವೂ ಮಾಡಿ ನೋಡಿ. ಏನೇ ಆದರೂ ಹೆತ್ತವರ ಋಣ ದೊಡ್ಡದು, ಕೊನೆಗಾಲದಲ್ಲಿ ಕೈ ಬಿಡಬೇಡಿ.

ಸರಸ್ವತೀಪುರಂ ಅಕ್ಕ

ತಮ್ಮ, ನಿನಗಿಂತ ಹದಿನೈದು ವರ್ಷ ದೊಡ್ಡವಳು ನಾನು, ಅದಕ್ಕೇ ತಮ್ಮ ಅಂತಿದ್ದೇನೆ. ನೀನು ಬರೆದಿದ್ದನ್ನು ಓದಿ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಕ್ಷಮಿಸದೆ ಹೊರಗೆ ಬರಬಹುದು. ನಾನು ಬಂದಿದ್ದೇನೆ. ನನ್ನನ್ನು ಸಾಕಿದವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಆದರೆ ರಾತ್ರಿ ನಿದ್ದೆ ಮಾಡುತ್ತೇನೆ.

ನನಗೆ ಆರು ವರ್ಷ ಇದ್ದಾಗ ಅಮ್ಮ ತೀರಿಕೊಂಡರು. ನೆಂಟರ ಮನೆಯಲ್ಲಿ ಬೆಳೆದೆ. ಅಲ್ಲಿ ಯಾರೂ ಕೈ ಎತ್ತಲಿಲ್ಲ. ಊಟ ಮಾತ್ರ ಎಲ್ಲರದ್ದೂ ಆದ ಮೇಲೆ, ಅಳೆದು ಹಾಕುತ್ತಿದ್ದರು, ಇನ್ನೊಂಚೂರು ಅಂತ ಕೇಳಿದರೆ ಅವತ್ತೆಲ್ಲ ನನ್ನ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಹೊಡೆತ ಬಿದ್ದಿಲ್ಲವಲ್ಲ, ಇದಕ್ಕೆಲ್ಲ ಏನು ಕೊರಗುವುದು ಅಂತ ನಲವತ್ತು ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ನನ್ನ ಮನೆಯಲ್ಲಿ ಅಕ್ಕಿ ಡಬ್ಬ ಅರ್ಧಕ್ಕೆ ಇಳಿದರೆ ನನಗೆ ಕೈ ನಡುಗುತ್ತಿತ್ತು. ಮೂರು ಡಬ್ಬ ಇಟ್ಟಿದ್ದೆ, ಮೂರೂ ಯಾವಾಗಲೂ ತುಂಬಿರಬೇಕು. ಮದುವೆ ಮನೆಯಲ್ಲಿ ಎರಡನೇ ಸಲ ಪಾಯಸ ಬಡಿಸುವುದಕ್ಕೆ ಬಂದರೆ, ಬೇಕು ಅನ್ನಿಸಿದರೂ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದೆ.

ಮೊದಲು ಹೋದ ಕೌನ್ಸೆಲರ್ ಎರಡನೇ ದಿನವೇ, ಅವರನ್ನು ಕ್ಷಮಿಸಿ ಒಂದು ಕಾಗದ ಬರೆಯಿರಿ ಅಂದರು. ಅಲ್ಲಿಗೇ ಬಿಟ್ಟುಬಂದೆ, ಎರಡು ವರ್ಷ ಯಾರ ಹತ್ತಿರವೂ ಹೋಗಲಿಲ್ಲ. ಆಮೇಲೆ ಇನ್ನೊಬ್ಬರು ಸಿಕ್ಕರು. ಅವರು ಆ ಮನೆಯವರ ವಿಷಯವನ್ನೇ ಮೊದಲು ಎತ್ತಲಿಲ್ಲ. ಅಕ್ಕಿ ಡಬ್ಬದ ಮುಚ್ಚಳ ತೆಗೆದಾಗ ಮೈಯಲ್ಲಿ ಎಲ್ಲಿ ಬಿಗಿಯಾಗುತ್ತದೆ ಅಂತ ಕೇಳಿದರು. ಯಾರಾದರೂ ಹೀಗೆ ಕೇಳಬಹುದು ಅಂತಲೇ ನನಗೆ ಗೊತ್ತಿರಲಿಲ್ಲ. ಸುಮಾರು ಎರಡು ವರ್ಷ ಹೋದೆ, ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಮಧ್ಯೆ ಜಾಸ್ತಿ ಆಗಿದ್ದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಹಳೆಯದು ಮೇಲೆ ಬಂದಾಗ ಎರಡು ಮೂರು ದಿನ ಯಾರೂ ಬೇಡ ಅನ್ನಿಸುತ್ತಿತ್ತು.

ಈಗ ಎರಡೇ ಡಬ್ಬ. ಒಂದು ಸಲ ಒಂದು ಡಬ್ಬ ಪೂರ್ತಿ ಖಾಲಿಯಾಯಿತು, ನಾನು ತೊಳೆದು ಬಿಸಿಲಿಗೆ ಬೋರಲು ಹಾಕಿದೆ, ಸಂಜೆ ತನಕ ಹಾಗೇ ಇತ್ತು. ಇದು ಬೇರೆಯವರಿಗೆ ಏನೂ ಅಲ್ಲದಿರಬಹುದು. ನಿನಗೆ ಅರ್ಥವಾಗುತ್ತದೆ ಅಂತ ಬರೆದೆ.

ಬೆಟ್ಟದ ಪಾದ ಅವರೇ, ನೀವು ಒಳ್ಳೆ ಮನಸ್ಸಿನಿಂದ ಹೇಳಿದ್ದೀರಿ. ಮೆಟ್ಟಿಲು ಹತ್ತುವುದು, ಕುಕ್ಕರಹಳ್ಳಿ ಕೆರೆ ಸುತ್ತುವುದು ನನಗೂ ಸಹಾಯ ಮಾಡಿದೆ. ಆದರೆ ಕಣ್ಣು ಮುಚ್ಚಿ ಉಸಿರು ನೋಡಿಕೊಂಡು ಕೂರು ಅಂದಾಗ ಮೊದಮೊದಲು ನನಗೆ ಭಯವೇ ಜಾಸ್ತಿ ಆಗುತ್ತಿತ್ತು. ಆಮೇಲೆ ಕೆದಕುವ ಮಾತು. ಇದನ್ನು ಯಾರೂ ಬೇಕು ಅಂತ ಕೆದಕುವುದಿಲ್ಲ. ಅದು ತಾನಾಗಿ ಬರುತ್ತದೆ, ಹತ್ತು ಗಂಟೆಗೆ, ಸ್ಟ್ಯಾಂಡ್ ಸದ್ದಿಗೆ.

ಸಕ್ಕರೆ ಸೀಮೆ

ನಾನು ಮಂಡ್ಯ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯದ ಕೆಲಸದಲ್ಲಿದ್ದೇನೆ, ಡಾಕ್ಟರ್ ಅಲ್ಲ, ಸೋಶಿಯಲ್ ವರ್ಕರ್. ಇಲ್ಲಿ ಬರೆಯುವುದು ಚಿಕಿತ್ಸೆಗೆ ಸಮ ಅಲ್ಲ, ಆದರೂ ಗೊತ್ತಿರುವುದನ್ನು ಹೇಳುತ್ತೇನೆ.

ನಾಲೆ ಏರಿ ಅವರೇ, ಕಬ್ಬಿನ ಗದ್ದೆಗೆ ಹಂದಿ ನುಗ್ಗದ ಹಾಗೆ ರಾತ್ರಿ ಅಟ್ಟಣೆ ಮೇಲೆ ಕೂತು ಕಾಯುವುದನ್ನು ನೀವು ಚಿಕ್ಕಂದಿನಲ್ಲಿ ನೋಡಿರುತ್ತೀರಿ. ಮೆದುಳಲ್ಲಿ ಅಮಿಗ್ಡಲಾ ಅಂತ ಬಾದಾಮಿ ಆಕಾರದ ಒಂದು ಭಾಗ ಇದೆ, ಅದರದ್ದು ಈ ಕಾವಲಿನ ಕೆಲಸ. ಅಪಾಯ ಅನ್ನಿಸಿದ ತಕ್ಷಣ ಅದು ಕೂಗು ಹಾಕುತ್ತದೆ, ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳು ಏರುತ್ತವೆ, ಎದೆ ಹೊಡೆದುಕೊಳ್ಳುತ್ತದೆ, ಮೈ ಓಡುವುದಕ್ಕೋ ಹೊಡೆದಾಡುವುದಕ್ಕೋ ತಯಾರಾಗುತ್ತದೆ. ಎರಡೂ ಆಗದ ಮಗು ಮರಗಟ್ಟಿ ಮಲಗುತ್ತದೆ, ಇಲ್ಲ ಹೊಡೆಯುವವರನ್ನೇ ಓಲೈಸುವುದನ್ನು ಕಲಿಯುತ್ತದೆ. ನೀವು ಎಲ್ಲರಿಗೂ ಮೊದಲು ಸಾರಿ ಹೇಳುತ್ತೀರಲ್ಲ, ಅದು ಅಲ್ಲಿ ಕಲಿತ ಪಾಠ. ವರ್ಷಗಟ್ಟಲೆ ದಿನಾ ರಾತ್ರಿ ಹೀಗೆ ಕಾದ ಮೇಲೆ, ಕೊಯ್ಲು ಮುಗಿದರೂ ಆ ಕಾವಲುಗಾರ ಅಟ್ಟಣೆ ಇಳಿಯುವುದಿಲ್ಲ. ಸದ್ದು ಕೇಳಿದರೆ, ಇದು ಪಾಂಡವಪುರವಾ ಮೈಸೂರಾ ಅಂತ ವಿಚಾರಿಸುವುದಕ್ಕೂ ಅವನಿಗೆ ಪುರುಸೊತ್ತಿಲ್ಲ. ಆದ್ದರಿಂದ ಇದು ನಿಮ್ಮ ಪುಕ್ಕಲುತನ ಅಲ್ಲ. ಆ ವಯಸ್ಸಿನಲ್ಲಿ ಅದೇ ನಿಮ್ಮನ್ನೂ ತಂಗಿಯನ್ನೂ ಕಾಪಾಡಿದ್ದು.

ಬಿಪಿ ಬಗ್ಗೆ. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ 1995ರಿಂದ 1997ರ ತನಕ 17,000ಕ್ಕೂ ಜಾಸ್ತಿ ಜನರನ್ನು ಅವರ ಬಾಲ್ಯದ ಬಗ್ಗೆ ಕೇಳಿದರು. ಮನೆಯಲ್ಲಿ ಕುಡಿತ ಇತ್ತಾ, ತಾಯಿಗೆ ಹೊಡೆಯುತ್ತಿದ್ದರಾ, ನಿಮಗೆ ಹೊಡೆಯುತ್ತಿದ್ದರಾ, ಈ ಥರ. 1998ರಲ್ಲಿ ಅದರ ಮೊದಲ ವರದಿ ಬಂತು. ಇಂಥ ಅನುಭವ ಹೆಚ್ಚಾದಷ್ಟೂ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ, ಖಿನ್ನತೆ, ಕುಡಿತದ ಚಟ ಹೆಚ್ಚು ಕಂಡವು. ಇದು ಸಾವಿರಾರು ಜನರ ಒಟ್ಟು ಲೆಕ್ಕ, ನಿಮ್ಮೊಬ್ಬರ ಹಣೆಬರಹ ಅಂತ ಓದಿಕೊಳ್ಳಬೇಡಿ. ಆದರೆ ಬಿಪಿ ನೋಡುವ ಡಾಕ್ಟರಿಗೆ ನಿದ್ದೆಯ ವಿಷಯ, ಬಾಲ್ಯದ ವಿಷಯ ಎರಡು ಮಾತಲ್ಲಾದರೂ ಹೇಳಿ. ನಮ್ಮಲ್ಲಿ ಯಾರೂ ಹೇಳುವುದೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ, ಐಸಿಡಿ 11, 2022ರ ಜನವರಿಯಿಂದ ಜಾರಿಗೆ ಬಂದಿದೆ. ಅದರಲ್ಲಿ ಕಾಂಪ್ಲೆಕ್ಸ್ ಪಿಟಿಎಸ್‌ಡಿ ಅಂತ ಹೊಸದಾಗಿ ಸೇರಿದೆ. ಪಿಟಿಎಸ್‌ಡಿ ಅಂದರೆ ದೊಡ್ಡ ಆಘಾತ ಆದ ಮೇಲೆ ಅದರ ಭಯ ಮನಸ್ಸಲ್ಲಿ ಉಳಿದುಬಿಡುವ ಕಾಯಿಲೆ, ಕಾಂಪ್ಲೆಕ್ಸ್ ಅನ್ನುವುದು ತಪ್ಪಿಸಿಕೊಳ್ಳಲಾಗದ ಕಡೆ ತುಂಬಾ ಕಾಲ ನೋವು ತಿಂದವರಿಗೆ ಬರುವಂಥದ್ದು. ಬೆಚ್ಚಿಬೀಳುವುದರ ಜೊತೆಗೆ ಕೋಪ ದುಃಖ ಹತೋಟಿಗೆ ಸಿಗದಿರುವುದು, ನಾನು ಯೋಗ್ಯನಲ್ಲ ಅನ್ನಿಸುವುದು, ಹತ್ತಿರದವರ ಜೊತೆ ಇರುವುದೇ ಕಷ್ಟವಾಗುವುದು. ನಿಮಗೆ ಇದೇ ಇದೆ ಅಂತ ನಾನು ಹೇಳುತ್ತಿಲ್ಲ, ಕೂತು ಮಾತಾಡಿಸಿದವರು ಹೇಳಬೇಕು. ಇಂಥದ್ದಕ್ಕೆ ಒಂದು ಹೆಸರಿದೆ, ಚಿಕಿತ್ಸೆ ಇದೆ ಅಂತ ಗೊತ್ತಿರಲಿ.

ಎಲ್ಲಿಗೆ ಹೋಗುವುದು ಅಂದರೆ, ಮೈಸೂರಲ್ಲಿ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದಲ್ಲಿ ಮಿಮ್ಸ್ ಅನ್ನುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿದ್ದಾರೆ, ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಮುಖ ತೋರಿಸುವುದಕ್ಕೆ ಈಗಲೇ ಧೈರ್ಯ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬದುಕುವುದೇ ಬೇಡ ಅನ್ನಿಸಿದ ದಿನ ಯೋಚಿಸುತ್ತಾ ಕೂರದೆ ಅದಕ್ಕೆ ಫೋನ್ ಮಾಡಿ. ಇದು ಓದುತ್ತಿರುವ ಎಲ್ಲರಿಗೂ ಹೇಳುತ್ತಿರುವುದು. ಖಾಸಗಿಯಾಗಿ ಹೋಗುವುದಾದರೆ ಕ್ಲಿನಿಕಲ್ ಸೈಕಾಲಜಿಸ್ಟಾ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಅಂತ ಕೇಳಿ. ಕೇಳುವುದು ತಪ್ಪಲ್ಲ. ಎರಡೇ ದಿನದ ಶಿಬಿರದಲ್ಲಿ ಬಾಲ್ಯದ ಗಾಯ ಪೂರ್ತಿ ವಾಸಿ ಮಾಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಅಲ್ಲಿ ಅತ್ತು ಹಗುರಾಗಿ ಬಂದವರು ಮನೆಗೆ ಬಂದ ಮೇಲೆ ಕುಸಿದಿದ್ದನ್ನು ನಾನು ನೋಡಿದ್ದೇನೆ.

ಚಿಕಿತ್ಸೆ ಹೇಗಿರುತ್ತದೆ? ಜೂಡಿತ್ ಹರ್ಮನ್ ಅನ್ನುವ ಮನೋವೈದ್ಯೆ 1992ರಲ್ಲಿ ಇದನ್ನು ಮೂರು ಹಂತವಾಗಿ ಹೇಳಿದರು, ಇವತ್ತಿಗೂ ತುಂಬಾ ಜನ ಅದನ್ನೇ ಹಿಡಿದು ಕೆಲಸ ಮಾಡುತ್ತಾರೆ. ಮೊದಲು ಸುರಕ್ಷಿತ ಅನ್ನಿಸಬೇಕು, ನಿದ್ದೆ, ಊಟ, ಮನೆ ಎಲ್ಲ ಒಂದು ಹದಕ್ಕೆ ಬರಬೇಕು. ಆಮೇಲೆ ನೆನಪಿನ ಹತ್ತಿರ ಹೋಗುವುದು, ಕಳೆದುಕೊಂಡಿದ್ದಕ್ಕೆ ಅಳುವುದು. ಆಮೇಲೆ ಜನರ ಜೊತೆ ಮತ್ತೆ ಸೇರುವುದು. ಈ ಮೂರರಲ್ಲಿ ಎಲ್ಲೂ ಹೊಡೆದವರನ್ನು ಕ್ಷಮಿಸಲೇಬೇಕು ಅಂತಿಲ್ಲ. ಕೆಲವರಿಗೆ ಒಂದು ದಿನ ಕ್ಷಮೆ ತಾನಾಗಿ ಬರುತ್ತದೆ. ಕೆಲವರಿಗೆ ಬರುವುದಿಲ್ಲ. ಎರಡೂ ಥರದವರು ಚೇತರಿಸಿಕೊಂಡಿದ್ದನ್ನು ನೋಡಿದ್ದೇನೆ. ನೆನಪಿನ ಮೇಲೆ ಕೆಲಸ ಮಾಡುವ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳುವುದನ್ನು ಕಲಿಸುವ ಮಾತಿನ ಚಿಕಿತ್ಸೆ), ಇಎಂಡಿಆರ್ (ನೆನಪನ್ನು ಮನಸ್ಸಲ್ಲಿಟ್ಟುಕೊಂಡು ಕಣ್ಣನ್ನು ಆ ಕಡೆ ಈ ಕಡೆ ಆಡಿಸುತ್ತಾ ಮಾಡುವ ಚಿಕಿತ್ಸೆ) ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದೆ. ನಿದ್ದೆಗೆ, ಆತಂಕಕ್ಕೆ ಸ್ವಲ್ಪ ಕಾಲ ಮಾತ್ರೆ ಬೇಕಾಗಬಹುದು, ಬಿಪಿ ಮಾತ್ರೆ ತಗೊಳ್ಳುವ ಹಾಗೆ ಸಂಕೋಚ ಇಲ್ಲದೆ ತಗೊಳ್ಳಿ.

ಸದ್ಯಕ್ಕೆ ಒಂದು ಮಾಡಿ ನೋಡಿ. ಮನೆಗೆ ಹೋಗುವ ಮುಂಚೆ ಎಲ್ಲಾದರೂ ಹತ್ತು ನಿಮಿಷ ಬೈಕ್ ನಿಲ್ಲಿಸಿ. ಕಣ್ಣು ತೆರೆದೇ ಇರಲಿ. ಎರಡೂ ಪಾದ ನೆಲಕ್ಕೆ ಊರಿ. ಉಸಿರು ಎಳೆದುಕೊಂಡಿದ್ದಕ್ಕಿಂತ ಬಿಡುವುದನ್ನು ನಿಧಾನವಾಗಿ ಬಿಡಿ. ಇದು ಮೈಸೂರು, ನನಗೆ 36 ವರ್ಷ, ಮನೆ ಕೀಲಿ ನನ್ನ ಜೇಬಲ್ಲಿದೆ ಅಂತ ಹೇಳಿಕೊಳ್ಳಿ. ಕಾವಲುಗಾರನಿಗೆ ಊರು ಬದಲಾಗಿದೆ ಅಂತ ಗೊತ್ತಾಗಬೇಕು, ಒಂದು ದಿನಕ್ಕೆ ಆಗುವುದಿಲ್ಲ.

ಮಳವಳ್ಳಿ ಮಗಳು

ನಾನು ನಿಮ್ಮಂಥವರ ಹೆಂಡತಿ. ಎಂಟು ವರ್ಷ ಆಯಿತು ಮದುವೆಯಾಗಿ. ಮೊದಲ ವರ್ಷ ಒಂದು ದಿನ ಮಲಗಿದ್ದವರನ್ನು ಹೆಗಲು ಮುಟ್ಟಿ ಎಬ್ಬಿಸಿದೆ. ಎದ್ದು ಗೋಡೆಗೆ ಒರಗಿ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದರು. ನನ್ನನ್ನು ಗುರುತು ಹಿಡಿಯುವುದಕ್ಕೆ ಒಂದು ನಿಮಿಷ ಬೇಕಾಯಿತು. ಅವರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಕಾಲಿನ ಹತ್ತಿರ ನಿಂತು ಹೆಸರು ಹಿಡಿದು ಕರೆಯುತ್ತೇನೆ, ಮುಟ್ಟುವುದಿಲ್ಲ.

ಅಣ್ಣಾ, ನಿಮ್ಮ ಹೆಂಡತಿಗೆ ಇದೆಲ್ಲ ಎಷ್ಟು ಗೊತ್ತು? ನನ್ನ ಗಂಡ ಹೇಳದೇ ಇದ್ದ ನಾಲ್ಕು ವರ್ಷ, ಅವರು ಮುಖ ಗಂಟು ಹಾಕಿಕೊಂಡರೆ ನಾನೇ ಏನೋ ತಪ್ಪು ಮಾಡಿದ್ದೇನೆ ಅಂದುಕೊಂಡು ಒಳಗೊಳಗೇ ಬೇಯುತ್ತಿದ್ದೆ. ಹೇಳಿದ ಮೇಲೆ ಮುಖ ಗಂಟು ಹಾಕಿಕೊಳ್ಳುವುದು ನಿಲ್ಲಲಿಲ್ಲ, ನಾನು ಬೇಯುವುದು ನಿಂತಿತು. ಎಲ್ಲ ಒಟ್ಟಿಗೆ ಹೇಳಬೇಡಿ. ಸ್ಟ್ಯಾಂಡ್ ವಿಷಯ ಒಂದು ಹೇಳಿ.

ನಾಲೆ ಏರಿ

ಎಲ್ಲರಿಗೂ ಥ್ಯಾಂಕ್ಸ್ ಅನ್ನುವುದು ಬಿಟ್ಟು ಬೇರೆ ಮಾತು ಹೊಳೆಯುತ್ತಿಲ್ಲ. ಅಕ್ಕಾ, ಆ ಡಬ್ಬ ಬೋರಲು ಹಾಕಿದ್ದು ನನಗೆ ಪೂರ್ತಿ ಅರ್ಥವಾಯಿತು. ತಂಗೀ, ಹೆಂಡತಿಗೆ ಅಪ್ಪ ಕುಡಿಯುತ್ತಿದ್ದರು ಅಂತ ಅಷ್ಟೇ ಗೊತ್ತು. ಇವತ್ತು ರಾತ್ರಿ ಹೇಳುತ್ತೇನೆ.

ಮಗಳಿಗೆ ಏನು ಹೇಳುವುದು? ಏಳು ವರ್ಷದ ಕೂಸಿಗೆ ಇದೆಲ್ಲ ಹೇಳಬಹುದಾ?

ಸಕ್ಕರೆ ಸೀಮೆ

ನಿಮ್ಮ ಬಾಲ್ಯದ ಕಥೆ ಅವಳಿಗೆ ಈಗ ಬೇಡ. ಕೂಗಾಡಿದ ದಿನ, ಕೋಪ ಇಳಿದ ಮೇಲೆ, ಅವಳ ಎತ್ತರಕ್ಕೆ ಕೂತು ಹೇಳಿ: ನಾನು ಕೂಗಿದೆ, ಅದು ನನ್ನ ತಪ್ಪು, ನೀನು ಏನೂ ಮಾಡಿಲ್ಲ. ಅಷ್ಟು ಸಾಕು. ಕೊನೆಗೆ 'ಆದರೆ' ಅಂತ ಸೇರಿಸಬೇಡಿ. ಅಪ್ಪ ಅಮ್ಮ ಯಾವತ್ತೂ ಕೋಪ ಮಾಡಿಕೊಳ್ಳಬಾರದು ಅಂತೇನಿಲ್ಲ, ಆಮೇಲೆ ಬಂದು ಸರಿ ಮಾಡುತ್ತಾರೆ ಅಂತ ಮಗುವಿಗೆ ಗೊತ್ತಾಗಬೇಕು. ನಿಮಗೆ ಹಾಗೆ ಯಾರೂ ಬಂದು ಹೇಳಿರಲಿಲ್ಲ ಅಲ್ವಾ.

ಇನ್ನೊಂದು ಕೇಳುತ್ತೇನೆ. ಹವಾಯಿಯ ಕವಾಯಿ ಅನ್ನುವ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಅನ್ನುವವರು ಜೊತೆಗಾರರ ಸಂಗಡ ದಶಕಗಟ್ಟಲೆ ಗಮನಿಸಿದರು. ಬಡತನ, ಮನೆಯಲ್ಲಿ ಜಗಳ, ಕುಡಿತ ಹೀಗೆ ತುಂಬಾ ಕಷ್ಟದಲ್ಲಿ ಬೆಳೆದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿ ಬೆಳೆದು ನಿಂತರು. ಅಂಥವರ ಬದುಕಲ್ಲಿ ಕಂಡ ಒಂದು ವಿಷಯ, ಅಪ್ಪ ಅಮ್ಮನೇ ಆಗಬೇಕಿಲ್ಲ, ಅಜ್ಜಿಯೋ ನೆರೆಯವರೋ, ನಂಬಬಹುದಾದ ಒಬ್ಬ ದೊಡ್ಡವರು ಇದ್ದರು. ನಿಮಗೆ ಯಾರಾದರೂ ಇದ್ದರಾ?

ನಾಲೆ ಏರಿ

ದೊಡ್ಡಮ್ಮ ಇದ್ದರು. ಇಷ್ಟು ವರ್ಷ ಈ ಲೆಕ್ಕದಲ್ಲಿ ಅವರ ನೆನಪೇ ಬಂದಿರಲಿಲ್ಲ. ನಮ್ಮ ಮನೆಯಿಂದ ಎರಡು ಮನೆ ಆಚೆ. ಅವರು ಹಿತ್ತಿಲ ಬಾಗಿಲಿಗೆ ಅಗುಳಿ ಹಾಕುತ್ತಿರಲಿಲ್ಲ. ಸುಗ್ಗಿ ಮುಗಿದು ಮನೆ ತುಂಬಾ ರಾಗಿ ಚೀಲ ಇದ್ದ ದಿನಗಳಲ್ಲೂ ಹಾಕುತ್ತಿರಲಿಲ್ಲ. ಸದ್ದು ಎರಡು ಸಲ ಬಂದ ದಿನ ಒಮ್ಮೊಮ್ಮೆ ತಂಗಿಯನ್ನು ಎಳೆದುಕೊಂಡು ಹಿತ್ತಿಲಿಂದ ಓಡುತ್ತಿದ್ದೆ. ಅವರು ಏನೂ ಕೇಳುತ್ತಿರಲಿಲ್ಲ, ಚೀಲದ ಪಕ್ಕ ಚಾಪೆ ಹಾಸಿ, ತಾವು ಬಾಗಿಲ ಕಡೆ ಮಲಗುತ್ತಿದ್ದರು. ದೊಡ್ಡಪ್ಪ ಒಂದು ಸಲ ಬಾಗಿಲು ಯಾಕೆ ಹಾಕಲ್ಲ ಅಂತ ಬೈದಿದ್ದಕ್ಕೆ, ಬೆಕ್ಕು ಓಡಾಡುತ್ತದೆ ಅಂದಿದ್ದರು. ಅವರ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ಇದನ್ನು ಬರೆಯುತ್ತಾ ಅಳು ಬರುತ್ತಿದೆ. ಅವರು ಹೋಗಿ ಐದು ವರ್ಷ ಆಯಿತು.

ಕೆ.ಆರ್. ಪೇಟೆ ಮೇಷ್ಟ್ರು

ಮೂರು ದಿನದಿಂದ ಇದನ್ನು ಓದುತ್ತಿದ್ದೇನೆ, ಬರೆಯುವುದೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ನಾನು ಹೊಡೆದ ಕಡೆಯವನು. ಮೂವತ್ತನಾಲ್ಕು ವರ್ಷ ಪಾಠ ಮಾಡಿದೆ. ಬೆತ್ತ ಇಲ್ಲದೆ ಕ್ಲಾಸಿಗೆ ಹೋದ ದಿನಗಳು ಕಡಿಮೆ. ಆಗ ಎಲ್ಲರೂ ಹಾಗೇ ಇದ್ದರು ಅನ್ನಬಹುದು, ಅದು ನಿಜವೂ ಹೌದು, ಆದರೆ ನನ್ನ ಜೊತೆಯಲ್ಲೇ ಹೊಡೆಯದೆ ಪಾಠ ಮಾಡಿದ ಇಬ್ಬರು ಮೇಷ್ಟ್ರು ಇದ್ದರು. ಅವರ ಮಕ್ಕಳೂ ಪಾಸಾಗುತ್ತಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧ ಮಾಡಿದಾಗ, ಇನ್ನು ಮಕ್ಕಳು ಮಾತು ಕೇಳುವುದಿಲ್ಲ ಅಂತ ಸ್ಟಾಫ್ ರೂಮಲ್ಲಿ ಗೊಣಗಿದವರಲ್ಲಿ ನಾನೂ ಒಬ್ಬ.

ಎರಡು ವರ್ಷದ ಹಿಂದೆ ದೇವರಾಜ ಮಾರುಕಟ್ಟೆಯಲ್ಲಿ ಹಳೆ ವಿದ್ಯಾರ್ಥಿ ಸಿಕ್ಕ. ನಲವತ್ತು ದಾಟಿರಬಹುದು. ನಮಸ್ಕಾರ ಮೇಷ್ಟ್ರೇ ಅಂದ, ಬಗ್ಗಿ ಕಾಲು ಮುಟ್ಟಿದ. ಏಳುವಾಗ, ಅವನ ಹೆಗಲು ತಟ್ಟೋಣ ಅಂತ ನಾನು ಕೈ ಎತ್ತಿದೆ. ಅವನ ತಲೆ ತಾನಾಗಿ ಪಕ್ಕಕ್ಕೆ ಹೋಯಿತು. ಅವನಿಗೂ ನಾಚಿಕೆಯಾಗಿ ನಕ್ಕ. ನನಗೆ ನಗು ಬರಲಿಲ್ಲ. ಚೀಲದಲ್ಲಿದ್ದ ವೀಳ್ಯದೆಲೆ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ, ಮನೆಗೆ ಬಂದಾಗ ಇರಲಿಲ್ಲ.

ಆಮೇಲೆ ಅವನ ನಂಬರ್ ಹುಡುಕಿ ಫೋನ್ ಮಾಡಿ, ನಿನಗೆ ಹೊಡೆದಿದ್ದು ತಪ್ಪು ಕಣಪ್ಪ ಅಂದೆ. ಅವನು ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, ಇರಲಿ ಬಿಡಿ ಮೇಷ್ಟ್ರೇ ಅಂದ. ಕ್ಷಮಿಸಿದ್ದೇನೆ ಅನ್ನಲಿಲ್ಲ, ನಾನು ಕೇಳಲೂ ಇಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ ಅಂತ ಈಗ ಅನ್ನಿಸುತ್ತದೆ. ಮಗು, ನಿನ್ನ ತಂದೆ ಇದನ್ನು ಹೇಳುತ್ತಾರೋ ಇಲ್ಲವೋ. ಹೇಳದಿದ್ದರೆ, ಹೊಡೆದ ಕಡೆಯವನಾಗಿ ನಾನು ಹೇಳುತ್ತೇನೆ. ನೀನು ಏಟು ತಿನ್ನುವಂಥದ್ದು ಏನೂ ಮಾಡಿರಲಿಲ್ಲ.

ಬೆಟ್ಟದ ಪಾದ

ಮೇಷ್ಟ್ರೇ, ನಿಮ್ಮ ಮಾತು ಓದಿ ನನ್ನ ಮೊದಲಿನ ಮಾತು ಅವಸರದ್ದು ಅನ್ನಿಸಿತು. ನಾಲೆ ಏರಿ ಸರ್, ಋಣದ ಮಾತು ನಾನು ಹೇಳಬಾರದಿತ್ತು.

ಸಕ್ಕರೆ ಸೀಮೆ

ಅಪ್ಪನನ್ನು ನೋಡಿಕೊಳ್ಳುವ ವಿಷಯ ಒಂದು ಬಾಕಿ ಇತ್ತು. ನೋಡಿಕೊಳ್ಳುವುದು ಬೇರೆ, ಕ್ಷಮಿಸುವುದು ಬೇರೆ. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ತಮ್ಮನ್ನು ತಾವು ನೋಡಿಕೊಳ್ಳಲಾಗದ ಹೆತ್ತವರ ಜೀವನಕ್ಕೆ ಮಕ್ಕಳು ಆಸರೆಯಾಗಬೇಕು, ಸರಿ. ಆದರೆ ನಿಮ್ಮ ಮನೆಯಲ್ಲೇ, ನಿಮ್ಮ ಪಕ್ಕದ ರೂಮಲ್ಲೇ ಇಟ್ಟುಕೊಳ್ಳಬೇಕು ಅಂತ ಅದು ಹೇಳುವುದಿಲ್ಲ. ಔಷಧಿ, ಊಟ, ನೋಡಿಕೊಳ್ಳುವುದಕ್ಕೆ ಒಬ್ಬರು ಜನ, ಇದನ್ನು ದೂರದಿಂದಲೂ ಮಾಡಬಹುದು. ನಿಮಗೇ ನಿದ್ದೆ ಇಲ್ಲದಿರುವಾಗ ಅವರನ್ನು ತಂದಿಟ್ಟುಕೊಂಡರೆ ಅವರಿಗೂ ಒಳ್ಳೆಯದಲ್ಲ, ನಿಮ್ಮ ಮಗಳಿಗಂತೂ ಅಲ್ಲವೇ ಅಲ್ಲ. ತಂಗಿ ಜೊತೆ ಕೂತು ಮಾತಾಡಿ.

ನಾಲೆ ಏರಿ

ಐದು ವಾರ ಆಯಿತು, ಏನಾಯಿತು ಅಂತ ಹೇಳದೆ ಇರುವುದು ಸರಿಯಲ್ಲ ಅಂತ ಬಂದೆ.

ಮೇಷ್ಟ್ರೇ, ನೀವು ಬರೆದಿದ್ದನ್ನು ಒಂದೇ ಸಲ ಓದಿದೆ, ಎರಡನೇ ಸಲ ಓದುವುದಕ್ಕೆ ಆಗಿಲ್ಲ. ಆದರೆ ಆ ಕೊನೆಯ ಮಾತು ಬರೆದುಕೊಂಡು ಪರ್ಸಲ್ಲಿ ಇಟ್ಟಿದ್ದೇನೆ.

ಹೆಂಡತಿಗೆ ಹೇಳಿದೆ. ಅವಳು ಜಾಸ್ತಿ ಏನೂ ಅನ್ನಲಿಲ್ಲ, ಮಾರನೆಯ ದಿನ ರಜೆ ಹಾಕಿ ನನ್ನ ಜೊತೆ ಆಸ್ಪತ್ರೆಗೆ ಬಂದಳು. ಚೀಟಿ ಮಾಡಿಸುವ ಕ್ಯೂನಲ್ಲಿ ಎರಡು ಸಲ ವಾಪಸ್ ಹೋಗೋಣ ಅಂದೆ. ಡಾಕ್ಟರ್ ಒಂದು ಸಣ್ಣ ಮಾತ್ರೆ ಬರೆದಿದ್ದಾರೆ. ಸೈಕಾಲಜಿಸ್ಟ್ ಹತ್ತಿರ ಮೂರು ಸಲ ಹೋಗಿ ಬಂದೆ. ಅಪ್ಪನ ಮಾತು ಇನ್ನೂ ಬಂದಿಲ್ಲ, ನಿದ್ದೆ ಮತ್ತು ಉಸಿರಿನದ್ದೇ ನಡೆಯುತ್ತಿದೆ. ನನಗೆ ಅವಸರ. ಅವರಿಗೆ ಇಲ್ಲ.

ತಂಗಿಗೆ ಫೋನ್ ಮಾಡಿದೆ. ಅವಳು ಮದ್ದೂರಿನಲ್ಲಿದ್ದಾಳೆ. ಮೊದಲ ಸಲ ಆ ಸದ್ದಿನ ವಿಷಯ ಎತ್ತಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, ಅವಳ ಗಂಡನಿಗೆ ಗಾಡಿಯ ಡಬಲ್ ಸ್ಟ್ಯಾಂಡ್ ಹಾಕುವುದಕ್ಕೆ ಅವಳು ಬಿಡುವುದೇ ಇಲ್ಲವಂತೆ, ಮದುವೆಯಾದಾಗಿನಿಂದ ಸೈಡ್ ಸ್ಟ್ಯಾಂಡೇ, ಯಾಕೆ ಅಂತ ಅವರಿಗೂ ಗೊತ್ತಿಲ್ಲ. ಇಪ್ಪತ್ತೈದು ವರ್ಷ ನಾವಿಬ್ಬರೂ ಒಂದೇ ಸದ್ದನ್ನು ಇಟ್ಟುಕೊಂಡು ಒಬ್ಬರಿಗೊಬ್ಬರು ಹೇಳಿರಲಿಲ್ಲ. ದೊಡ್ಡಮ್ಮನ ಬೆಕ್ಕಿನ ಮಾತು ಅವಳಿಗೂ ನೆನಪಿತ್ತು.

ಅಪ್ಪ ಊರಲ್ಲೇ ಇದ್ದಾರೆ. ಪಕ್ಕದ ಬೀದಿಯ ಒಬ್ಬರನ್ನು ಗೊತ್ತು ಮಾಡಿದ್ದೇವೆ, ಬೆಳಗ್ಗೆ ಸಂಜೆ ಬಂದು ಸ್ನಾನ, ಊಟ ನೋಡುತ್ತಾರೆ. ಖರ್ಚು ನಾನು ತಂಗಿ ಸಮ ಹಾಕುತ್ತೇವೆ. ನಾನು ಹದಿನೈದು ದಿನಕ್ಕೊಮ್ಮೆ ಭಾನುವಾರ ಹೋಗಿ ಸಂಜೆ ವಾಪಸ್ ಬರುತ್ತೇನೆ. ನೆಂಟರು ಮಾತಾಡುತ್ತಾರೆ, ಮಾತಾಡಲಿ.

ಮನೆಗೆ ಹೋಗುವ ಮುಂಚೆ ತಿರುವಿನಲ್ಲಿ ಹೊಂಗೆ ಮರದ ಕೆಳಗೆ ಬೈಕ್ ನಿಲ್ಲಿಸುತ್ತೇನೆ. ಕೀಲಿ ಜೇಬಲ್ಲಿದೆ ಅಂತ ಮುಟ್ಟಿ ನೋಡಿಕೊಳ್ಳುತ್ತೇನೆ. ಮೊದಲ ಮೂರು ವಾರ ಟಿವಿ ಆಫ್ ಆಗುತ್ತಲೇ ಇತ್ತು. ಮಧ್ಯೆ ಒಂದು ದಿನ ಕೂಗಾಡಿಯೂ ಬಿಟ್ಟೆ, ಆಮೇಲೆ ನೆಲಕ್ಕೆ ಕೂತು ನೀವು ಹೇಳಿದ ಹಾಗೆ ಹೇಳಿದೆ, ಅವಳು ಕೇಳಿಸಿಕೊಂಡು ಓಡಿಹೋದಳು. ಹೋದ ಶುಕ್ರವಾರ ಸ್ಟ್ಯಾಂಡ್ ಹಾಕಿದಾಗ ಟಿವಿ ಆಫ್ ಆಗಲಿಲ್ಲ, ಸೌಂಡ್ ಕಡಿಮೆ ಆಯಿತು. ಶೂ ಬಿಚ್ಚಿ ಒಳಗೆ ಹೋಗಿ ಅವಳ ಪಕ್ಕ ಕೂತೆ. ಅವಳು ನನ್ನ ಮುಖ ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ರಿಮೋಟ್ ತಗೊಂಡು ಎರಡು ಪಾಯಿಂಟ್ ಸೌಂಡ್ ಜಾಸ್ತಿ ಮಾಡಿದಳು.

ಮುಂದಿನ ಸಲ ಆಸ್ಪತ್ರೆಗೆ ಹೋಗುವುದು ಗುರುವಾರ.